ಜಾಮ್ ಆಗುವ ಪಿಸ್ತೂಲಿಗೆ ನಾನು ಹೆದರುವುದಿಲ್ಲ

ಕೊಡಗಿನ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಬರುವುದು ಹೆಚ್ಚಾಗಿ ಡಬಲ್ ಬ್ಯಾರೆಲ್ ಕೋವಿಗಳು. ನಡುವೆ ಆಗೊಂದು ಈಗೊಂದು ಅಜ್ಜನ ಕಾಲದ ಪಿಸ್ತೂಲು ಬರುತ್ತದೆ. ಕೊಡವರಿಗೂ ಜಮ್ಮಾ ಅನ್ನುವ ಹಳೆಯ ಪದ್ಧತಿಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಹಾಗಾಗಿ ಎರಡು ಮೂರು ತಲೆಮಾರಿನಿಂದ ಕಪಾಟಿನಲ್ಲೇ ಕೂತಿರುವ ಆಯುಧ ಇಲ್ಲಿ ಅಪರೂಪವಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಹೊರಗೆ ತೆಗೆದು, ತೋಕ್ ಪೂ ಅನ್ನುವ ಹೂ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಒಂದು ಸಲ ಹೊಡೆದು ನೋಡುತ್ತಾರೆ. ಮರುವಾರ ನಮ್ಮ ಅಂಗಡಿಗೆ ಬರುತ್ತದೆ.

"ಜಾಮ್ ಆಗ್ತದೆ ಮಾರಾಯ" ಅಂದರೆ ನನಗೆ ಅರ್ಧ ಸಮಾಧಾನ. ಪಾಯಿಂಟ್ 32 ಅಳತೆಯ ಪಿಸ್ತೂಲಿನ ಕಾಡತೂಸಿಗೆ ಬುಡದಲ್ಲಿ ಸಣ್ಣ ಅಂಚು ಹೊರಚಾಚಿರುತ್ತದೆ. ಕಾಡತೂಸು ತುಂಬುವ ಮ್ಯಾಗಜೀನಿನಲ್ಲಿ ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಗೀತು, ಮುಂದಕ್ಕೆ ಹೋಗುವುದಿಲ್ಲ. ಬೇಜಾರಿನ ವಿಷಯ, ಆದರೆ ಆಗ ಪಿಸ್ತೂಲು ಹೊಡೆಯುತ್ತಿಲ್ಲ ತಾನೇ? ನನಗೆ ಭಯ ಇರುವುದು ಬೇಡದಾಗ ಹೊಡೆಯುವ ಪಿಸ್ತೂಲಿನ ಬಗ್ಗೆ. ಅಂಥದ್ದನ್ನು ತರುವವರು ದೂರನ್ನು ತಪ್ಪು ಹೆಸರಿನಲ್ಲಿ ಹೇಳುತ್ತಾರೆ.

ಹಬ್ಬದ ನಂತರ ಹಿರಿಯರೊಬ್ಬರು ಕೋಲ್ಟ್ 1903 ಅನ್ನುವ ಪಿಸ್ತೂಲು ತಂದಿದ್ದರು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು, ಮ್ಯಾಗಜೀನಿಗೆ 8 ಕಾಡತೂಸು. ಕೋಟಿನ ಜೇಬಿನಲ್ಲಿ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ನುಣುಪಾಗಿದೆ. ಪೆಟ್ಟು ಕೊಡುವ ಹ್ಯಾಮರ್ ಇದೆ, ಆದರೆ ಸ್ಲೈಡಿನ, ಅಂದರೆ ಮೇಲೆ ಹಿಂದೆ ಮುಂದೆ ಸರಿಯುವ ಭಾಗದ, ಒಳಗೆ ಅಡಗಿದೆ. ನೋಡಲು ಚಂದ. ರಿಪೇರಿ ಮಾಡುವವನಿಗೆ ತಲೆನೋವು, ಯಾಕೆಂದರೆ ಹ್ಯಾಮರ್ ಎದ್ದು ನಿಂತಿದೆಯೋ ಬಿದ್ದಿದೆಯೋ ಕಣ್ಣಿಗೆ ಕಾಣುವುದಿಲ್ಲ.

"ಒಂದು ಹೊಡೆದ್ರೆ ಇನ್ನೊಂದು ಮಿಸ್ ಆಗ್ತದೆ" ಅಂದರು. ಹೊಡೆಯದೆ ಉಳಿದ ಕಾಡತೂಸುಗಳನ್ನೂ ತಂದಿದ್ದರು, ಅದು ಒಳ್ಳೆಯದಾಯಿತು. ಬುಡದಲ್ಲಿ ಪೆಟ್ಟಿಗೆ ಸಿಡಿಯುವ ಕ್ಯಾಪಿನ ಮೇಲೆ ಚುಕ್ಕಿಯಷ್ಟೇ ಗುರುತು ಬಿದ್ದಿತ್ತು, ಅಂದರೆ ಪೆಟ್ಟು ಹಗುರ.

ಪೆಟ್ಟು ಹಗುರವಾಗಲು ಕಾರಣ ಹಲವು. ಹ್ಯಾಮರಿನ ಸ್ಪ್ರಿಂಗು ಸೋತಿರಬಹುದು. ಹ್ಯಾಮರಿನ ಪೆಟ್ಟನ್ನು ಕ್ಯಾಪಿಗೆ ಮುಟ್ಟಿಸುವ ಫೈರಿಂಗ್ ಪಿನ್ನಿನ ದಾರಿಯಲ್ಲಿ ಕೊಳೆ ಇರಬಹುದು. ಬಹಳ ಜನ ಇಲ್ಲಿಗೇ ನಿಲ್ಲಿಸಿ ಹೊಸ ಸ್ಪ್ರಿಂಗು ಹಾಕುತ್ತಾರೆ. ನಾನು ಕೇಳಿದ್ದು ಬೇರೆ: "ಅಂಕಲ್, ಮಿಸ್ ಆದಾಗ ಟ್ರಿಗರ್ ಒತ್ತಿದ್ರೆ ಒಳಗೆ ಟಿಕ್ ಅಂತ ಸದ್ದು ಬಂತಾ?"

ಸ್ವಲ್ಪ ಯೋಚಿಸಿ ಹೇಳಿದರು, "ಇಲ್ಲ. ಟ್ರಿಗರ್ ಸುಮ್ನೆ ಸಡಿಲ ಇತ್ತು."

ಅಲ್ಲಿಗೆ ವಿಷಯ ತಿಳಿಯಿತು. ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಣ್ಣ ತುಂಡಿಗೆ ಸಿಯರ್ ಅನ್ನುತ್ತೇವೆ. ಅದರ ತುದಿ ಸವೆದರೆ ಸ್ಲೈಡು ಮುಂದಕ್ಕೆ ಹೊಡೆದು ಕೂರುವಾಗ ಹ್ಯಾಮರ್ ಜಾರಿ ಸ್ಲೈಡಿನ ಬೆನ್ನಿಗೇ ಬರುತ್ತದೆ. ಅದಕ್ಕೇ ಪೆಟ್ಟು ಹಗುರ. ಕ್ಯಾಪು ಗಟ್ಟಿ ಇದ್ದರೆ ಸಿಡಿಯುವುದಿಲ್ಲ, ಇವರು ಮಿಸ್ ಅನ್ನುತ್ತಾರೆ. ಕ್ಯಾಪು ಸ್ವಲ್ಪ ಮೆತ್ತಗಿದ್ದರೆ ಟ್ರಿಗರ್ ಮುಟ್ಟದೆಯೇ ಇನ್ನೊಂದು ಗುಂಡು ಹೋಗುತ್ತದೆ. ಆಗ ನಳಿಗೆ ಮೊದಲ ಹೊಡೆತಕ್ಕೆ ಮೇಲಕ್ಕೆದ್ದಿರುತ್ತದೆ, ಗುಂಡು ಎತ್ತ ಹೋಯಿತೋ ದೇವರೇ ಬಲ್ಲ. ಅವರು ತಂದಿದ್ದ ಪ್ರತಿ "ಮಿಸ್" ಕಾಡತೂಸೂ ಹೇಳದೆ ಕೇಳದೆ ಹೋಗಬಹುದಾಗಿದ್ದ ಒಂದು ಗುಂಡು.

ಪರೀಕ್ಷೆಗೆ ಮೊದಲು ಖಾಲಿ ಮಾಡಬೇಕು. ಹಳೆಯ ಪಿಸ್ತೂಲಿನಲ್ಲಿ ಅದೂ ಸುಲಭವಲ್ಲ. ಮ್ಯಾಗಜೀನ್ ತೆಗೆದರೂ ನಳಿಗೆಯ ಹಿಂತುದಿಯ ಚೇಂಬರಿನಲ್ಲಿ ಒಂದು ಉಳಿದಿರಬಹುದು. ಸ್ಲೈಡು ಎಳೆದಾಗ ಏನೂ ಹಾರಿ ಬೀಳಲಿಲ್ಲ ಅಂದರೆ ಖಾಲಿ ಅಂತ ಅರ್ಥ ಅಲ್ಲ. ಕಾಡತೂಸನ್ನು ಹೊರಗೆ ಎಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆ ಮುರಿದಿದ್ದರೆ ಕಾಡತೂಸು ಅಲ್ಲೇ ಕೂತಿರುತ್ತದೆ. ಅದಕ್ಕೆ ಟಾರ್ಚ್ ಬಿಟ್ಟು ನೋಡುತ್ತೇನೆ, ಕಿರುಬೆರಳಿಂದ ಮುಟ್ಟಿಯೂ ನೋಡುತ್ತೇನೆ. ಕೋಲ್ಟ್ 1903ರಲ್ಲಿ ಕೊನೆಯ ಗುಂಡು ಹೋದ ಮೇಲೂ ಸ್ಲೈಡು ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ನಂಬಲು ಏನೂ ಗುರುತಿಲ್ಲ.

ಆಮೇಲೆ ಎರಡು ಪರೀಕ್ಷೆ. ಟ್ರಿಗರಿಂದ ಬೆರಳು ತೆಗೆದು ಸ್ಲೈಡನ್ನು ಪೂರ್ತಿ ಎಳೆದು ಬಿಡುವುದು, ನಂತರ ಟ್ರಿಗರ್ ಒತ್ತುವುದು. ಟಿಕ್ ಅನ್ನದಿದ್ದರೆ ಹ್ಯಾಮರ್ ಮೊದಲೇ ಬಿದ್ದಿದೆ, ಸಿಯರಿನ ಕಡೆ ನೋಡಬೇಕು. ಇನ್ನೊಂದರಲ್ಲಿ ಟ್ರಿಗರನ್ನು ಒತ್ತಿ ಹಿಡಿದೇ ಸ್ಲೈಡು ಎಳೆದು ಬಿಡುವುದು. ಬಿಟ್ಟು ಮತ್ತೆ ಒತ್ತಿದಾಗ ಟಿಕ್ ಅನ್ನಬೇಕು. ಇಲ್ಲಿ ಮಾತ್ರ ಸೋತರೆ ಡಿಸ್ಕನೆಕ್ಟರಿನ ತಪ್ಪು, ಅಂದರೆ ಒಂದು ಸಲ ಒತ್ತಿದರೆ ಒಂದೇ ಗುಂಡು ಹೋಗುವ ಹಾಗೆ ಟ್ರಿಗರನ್ನು ಸಿಯರಿನಿಂದ ಬಿಡಿಸುವ ತುಂಡಿನದು. ಎಷ್ಟೋ ಸಲ ಅದು ಸವೆದಿರುವುದೂ ಇಲ್ಲ, ಹಳೆಯ ಎಣ್ಣೆ, ಕುಂಕುಮ ಸೇರಿ ಅಂಟಿಕೊಂಡಿರುತ್ತದೆ ಅಷ್ಟೇ. ಅಂಕಲ್ ಪಿಸ್ತೂಲು ಮೊದಲನೆಯದರಲ್ಲೇ ಸೋತಿತು. ಒಂದು ಸಲ ಅಲ್ಲ, ಆಗಾಗ. ಒಂದೆರಡು ಸಲ ಎಳೆದು ಸರಿ ಇದೆ ಅಂದವರಿಗೆ ಇದು ಸಿಗುವುದೇ ಇಲ್ಲ.

ಎಣ್ಣೆ ಅಂದಾಗ ನೆನಪಾಯಿತು. ದಯವಿಟ್ಟು ಪಿಸ್ತೂಲಿಗೆ ತೆಂಗಿನೆಣ್ಣೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಚಳಿಯಲ್ಲಿ ಕೇಳುವುದೇ ಬೇಡ. ಫೈರಿಂಗ್ ಪಿನ್ನನ್ನು ಹಿಂದಿನಿಂದ ಒತ್ತಿ ಬಿಟ್ಟರೆ ತಾನೇ ಹಿಂದಕ್ಕೆ ಚಿಮ್ಮಬೇಕು. ಜಿಡ್ಡಿಗೋ ತುಕ್ಕಿಗೋ ಅದರ ತುದಿ ಹೊರಗೆ ಚಾಚಿ ನಿಂತುಬಿಟ್ಟರೆ, ಕಾಡತೂಸು ಒಳಗೆ ಹೋಗಿ ಕೂತ ಕೂಡಲೇ ಸಿಡಿಯಬಹುದು.

ಇನ್ನೊಂದು ಹಳೆಯ ಕಾಡತೂಸಿನ ಅಪಾಯ. ಢಂ ಅನ್ನುವ ಬದಲು ಪುಸ್ ಅಂದರೆ ಅಲ್ಲೇ ನಿಲ್ಲಿಸಬೇಕು. ಗುಂಡು ನಳಿಗೆಯಲ್ಲೇ ನಿಂತಿರಬಹುದು. ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಉಂಗುರದಂಥ ಕಪ್ಪು ನೆರಳು ಕಂಡರೆ ಹಿಂದೆ ಯಾರೋ ಆ ಕೆಲಸ ಮಾಡಿದ್ದಾರೆ ಅಂತ ಲೆಕ್ಕ.

ಕೋಲ್ಟ್ ಬಿಚ್ಚಿದಾಗ ಸಿಯರಿನ ತುದಿ ಹೊಳೆಯುತ್ತಿತ್ತು. ಟ್ರಿಗರ್ ಹಗುರ ಆಗಲಿ ಅಂತ ಯಾವ ಕಾಲದಲ್ಲೋ ಯಾರೋ ಉಜ್ಜಿದ್ದರು. "ನೀವೂ ಸ್ವಲ್ಪ ಉಜ್ಜಿ ಸರಿ ಮಾಡಿಕೊಡಿ, ಹೊಸದು ಯಾಕೆ?" ಅಂತ ಅಂಕಲ್ ಕೇಳಿದರು. ಆಗುವುದಿಲ್ಲ ಅಂದೆ. ಇಂಥ ಹಳೆಯ ಭಾಗಗಳಲ್ಲಿ ಗಟ್ಟಿ ಇರುವುದು ಮೇಲಿನ ಪದರ ಮಾತ್ರ ಇರಬಹುದು. ಅದು ಹೋದರೆ ಒಳಗಿನ ಮೆತ್ತನೆ ಉಕ್ಕು. ಇವತ್ತು ಸರಿ ಮಾಡಿಕೊಟ್ಟರೂ ಬೇಗ ಮತ್ತೆ ಸವೆಯುತ್ತದೆ. ಈ ಮಾದರಿಯ ತಯಾರಿಕೆ 1945ರಲ್ಲೇ ನಿಂತಿದೆ, ಸಿಯರ್ ಹುಡುಕಬೇಕು. ಸಿಗುವವರೆಗೆ ಫೈರಿಂಗ್ ಪಿನ್ ತೆಗೆದು ಬೇರೆ ಕವರಿನಲ್ಲಿ ಹಾಕಿದೆವು. ರಿಜಿಸ್ಟರಿನಲ್ಲಿ "ಹೊಡೆಯಬಾರದು" ಅಂತ ಬರೆದು ಸಹಿ ಹಾಕಿಸಿಕೊಂಡೆವು. ಸಹಿ ಹಾಕುವಾಗ ಅವರಿಗೆ ಸ್ವಲ್ಪ ಕೋಪ ಬಂದಿತ್ತು.