ಹಿಂದಕ್ಕೆ ಹೊಡೆಯಿರಿ

"ಹಿಂದಕ್ಕೆ ಹೊಡೆಯಿರಿ." ಬುಧವಾರ ರಾತ್ರಿ ಪರದೆಯ ಮೂಲೆಯಲ್ಲಿ ಮೂಡಿದ ಈ ಎರಡು ಪದಗಳು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಆನ್‌ಲೈನ್ ಗಾಲ್ಫ್ ಆಟದಲ್ಲಿ ಈ ವಾರ ಬಂದದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಮೈದಾನ. ಕಡಲಂಚಿನ ಲಿಂಕ್ಸ್ ನೆಲ. ಗಾಳಿಗೆ ಅಡ್ಡ ನಿಲ್ಲುವ ಮರಗಳಿಲ್ಲ, ಬಿದ್ದ ಚೆಂಡು ಬಿದ್ದಲ್ಲಿ ನಿಲ್ಲುವುದಿಲ್ಲ. ಹದಿನಾರು ಕುಳಿಗಳವರೆಗೆ ಚೆಂಡನ್ನು ಎತ್ತರಕ್ಕೇರಿಸದೆ ಹೊಡೆದು, ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮುಟ್ಟುವ ಮೊದಲೇ ಚೆಂಡು ಉರುಳಿಸುವ ಪಟರ್ ಕೋಲು ಹಿಡಿದು, ನಿಗದಿತ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ ಒಂದು ಹೊಡೆತ ಕಡಿಮೆಯಲ್ಲಿದ್ದೆ. ಮೂವರಲ್ಲಿ ಒಬ್ಬರು ಹನ್ನೊಂದರಲ್ಲೇ ಆಟ ಬಿಟ್ಟು ಹೋಗಿದ್ದರು. ಸೋಲುತ್ತಿದ್ದೇನೆಂದು ನಡುವೆ ಎದ್ದು ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಉಳಿದ ಎದುರಾಳಿ ಆವರೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ.

17ನೆಯದು ರೋಡ್ ಹೋಲ್. 495 ಗಜ, ಪಾರ್ 4. ಗ್ರೀನ್‌ನ ಹಿಂದೆ ರಸ್ತೆ, ಅದರಾಚೆ ಕಲ್ಲುಗೋಡೆ. ಮುಂದೆ ಎಡಕ್ಕೆ ರೋಡ್ ಬಂಕರ್ ಎಂಬ ಮರಳುಗುಂಡಿ. ರಸ್ತೆಗೆ ಹೆದರಿ ಎರಡನೆಯ ಹೊಡೆತದಲ್ಲಿ ಬಲ ತಗ್ಗಿಸಿದೆ. ಚೆಂಡು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಎಡಕ್ಕೆ ವಾಲಿ, ಒಂದೊಂದೇ ಸುತ್ತು ಉರುಳಿ ಬಂಕರಿಗಿಳಿಯಿತು. ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿದ ಗೋಡೆ ಪರದೆಯನ್ನು ತುಂಬಿತ್ತು. ಅದರ ಬುಡದಲ್ಲೇ ನನ್ನ ಚೆಂಡು. ಹೊಡೆದೆ, ಗೋಡೆಗೆ ಬಡಿದು ವಾಪಸ್ಸು ಬಂತು. ಮತ್ತೊಮ್ಮೆ ಹೊಡೆದೆ, ಮತ್ತೆ ಅದೇ.

ಆಗ ಬಂದದ್ದು ಆ ಎರಡು ಪದಗಳು. ಅಣಕಿಸುತ್ತಿದ್ದಾರೆ ಎಂದುಕೊಂಡೆ. ಮೈ ಉರಿಯಿತು. ಹಟ ಹಿಡಿದು ಮೂರನೆಯ ಸಲವೂ ಮುಂದಕ್ಕೇ ಹೊಡೆದೆ. ಗೋಡೆ ಕದಲಲಿಲ್ಲ. ಕೊನೆಗೆ ಗುರಿಯ ಗೆರೆಯನ್ನು ಹಿಂದಕ್ಕೆ ತಿರುಗಿಸಿದಾಗ ಗೋಡೆ ಮರೆಯಾಗಿ ಇಡೀ ಬಯಲು, ಆಕಾಶ ತೆರೆದುಕೊಂಡವು. ಒಂದು ಮೆಲು ಹೊಡೆತಕ್ಕೆ ಚೆಂಡು ಹೊರಬಂತು. ಒಟ್ಟು ಒಂಬತ್ತು. 1978ರ ಬ್ರಿಟಿಷ್ ಓಪನ್ ಪಂದ್ಯಾವಳಿಯಲ್ಲಿ ಜಪಾನಿನ ಟಾಮಿ ನಾಕಾಜಿಮಾ ಇದೇ ಬಂಕರಿನಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು, ಈ ಕುಳಿಯಲ್ಲಿ ಒಂಬತ್ತನ್ನೇ ಬರೆಸಿಕೊಂಡಿದ್ದರು.

ಆ ಮನುಷ್ಯ ಸುಮ್ಮನಿದ್ದರೂ ಗೆಲ್ಲುತ್ತಿದ್ದರು. ನಿಜವಾದ ಸ್ಪರ್ಧೆಯಲ್ಲಿ ಎದುರಾಳಿಗೆ ಹೀಗೆ ಸಲಹೆ ಕೊಟ್ಟರೆ ಕೊಟ್ಟವರಿಗೇ ಎರಡು ಹೊಡೆತಗಳ ದಂಡ. ಆದರೂ ಹೇಳಿದರು. ಅದನ್ನು ನಾನು ಚುಚ್ಚುಮಾತಾಗಿ ಓದಿದೆ. ಅಕ್ಷರಗಳಿಗೆ ದನಿಯಿಲ್ಲ, ನಿಜ. ಆದರೆ ದನಿಯಿದ್ದ ಮಾತುಗಳನ್ನೂ ನಾನು ಹೀಗೇ ಕೇಳಿಸಿಕೊಂಡಿದ್ದೇನೆ. ಹಿಂದೊಮ್ಮೆ ಅಣ್ಣ "ಆ ಕೆಲಸ ಬಿಟ್ಟುಬಿಡು, ನಿನ್ನ ಆರೋಗ್ಯ ನೋಡಿಕೋ" ಎಂದಾಗ, ನನ್ನ ಕೈಲಾಗದು ಎನ್ನುತ್ತಿದ್ದಾನೆಂದು ಮುನಿಸಿಕೊಂಡು ಇನ್ನೂ ಒಂದು ವರ್ಷ ಅಲ್ಲೇ ಸವೆದೆ. ಅಣ್ಣನ ದನಿಯಲ್ಲಿ ಅಣಕದ ಎಳೆಯೂ ಇರಲಿಲ್ಲ. ಅದು ಈಗ ನೆನಪಾಗುತ್ತಿದೆ.

ನಿನ್ನೆ ಆ ಎದುರಾಳಿಗೆ ಕ್ಷಮೆ ಕೇಳಿ ಬರೆದೆ. ಕ್ಷಮೆ ಯಾಕೆಂದು ಅವರಿಗೆ ಅರ್ಥವಾದಂತಿಲ್ಲ. "ಆ ಬಂಕರಿನಲ್ಲಿ ನಾನು ಹನ್ನೊಂದು ಹೊಡೆದಿದ್ದೇನೆ" ಎಂದು ಉತ್ತರಿಸಿದರು. "ಆಗ ಯಾರೂ ಹೇಳಲಿಲ್ಲ."