ಟರ್ಬೊ ಬದಲಿಸುವ ಮೊದಲು ಆಯಿಲ್ ಪೈಪ್ ಬಿಚ್ಚಿ ನೋಡಿ

ಬೆಳಗಾವಿಯ ಉದ್ಯಮಬಾಗ್ ಕಡೆ ಗ್ಯಾರೇಜಿನಲ್ಲಿ ನನ್ನ ಕೆಲಸ. ಈಗ ಟರ್ಬೊ ಪೆಟ್ರೋಲ್ ಗಾಡಿಗಳು ಜಾಸ್ತಿ ಬರುತ್ತಿವೆ. ಟರ್ಬೊ ಅಂದರೆ ಇಂಜಿನ್ನಿನ ಹೊಗೆಯ ಬಲದಿಂದಲೇ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಫ್ಯಾನ್. ಗಿರಾಕಿಗಳ ಪ್ರಶ್ನೆ ಒಂದೇ: "ಇಷ್ಟ ಸಣ್ಣ ಇಂಜಿನ್ ಬಾಳಿಕಿ ಬರ್ತೇತೇನ್ರಿ?"

ಕೇಳೋದರಲ್ಲಿ ತಪ್ಪಿಲ್ಲ. ಫೋಕ್ಸ್‌ವ್ಯಾಗನ್ ಪೋಲೊದಲ್ಲಿ ಟರ್ಬೊ ಇಲ್ಲದ 999 ಸಿಸಿ ಇಂಜಿನ್ ಬರುತ್ತಿತ್ತು. 76 ಪಿಎಸ್ ಶಕ್ತಿ, 95 ಎನ್ಎಂ ಟಾರ್ಕ್, ಅಂದರೆ ಎಳೆಯುವ ಬಲ. ಅದೇ ಕಂಪನಿಯ ಟೈಗುನ್‌ನಲ್ಲೂ 999 ಸಿಸಿ, ಮೂರೇ ಸಿಲಿಂಡರ್. ಆದರೆ ಟರ್ಬೊ ಇರೋದರಿಂದ 115 ಪಿಎಸ್, 178 ಎನ್ಎಂ. ಅದೂ 1750 ಆರ್‌ಪಿಎಂನಿಂದಲೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಜನ ಪಿಎಸ್ ನೋಡಿ ಖುಷಿಪಡುತ್ತಾರೆ. ನಾನು ಮ್ಯಾನುಯಲ್‌ನಲ್ಲಿ ಆಯಿಲ್ ಗ್ರೇಡ್ ಬರೆದಿರುವ ಪುಟ ತೆಗೆಯುತ್ತೇನೆ.

ಟರ್ಬೊ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು. ಹೆಚ್ಚಿನ ಟರ್ಬೊಗಳಲ್ಲಿ ಅದು ತೇಲೋದು ತೆಳುವಾದ ಆಯಿಲ್ ಪದರದ ಮೇಲೆ. ಪಕ್ಕದಲ್ಲೇ 900 ಡಿಗ್ರಿ ದಾಟುವ ಹೊಗೆ. ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬಂದು, ಚಹಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿದರೆ ಆಯಿಲ್ ಹರಿಯೋದು ನಿಂತುಬಿಡುತ್ತದೆ. ಒಳಗೆ ನಿಂತ ಆಯಿಲ್ ಸುಟ್ಟು ಕಾರ್ಬನ್ ಆಗುತ್ತದೆ. ಕೆಲವು ಗಾಡಿಗಳಲ್ಲಿ ಇಂಜಿನ್ ಬಂದಾದ ಮೇಲೂ ನೀರು ತಿರುಗಿಸುವ ಪಂಪ್ ಇದೆ. ಆದರೂ ಒಂದು ನಿಮಿಷ ಐಡಲ್ ಬಿಟ್ಟರೆ ಗಂಟೇನು ಹೋಗೋದಿಲ್ಲ, ಅಲ್ವಾ?

ಹಾಗೆ ಘಾಟ್ ಓಡಾಡುವ ಗಾಡಿಯೊಂದು ಬಂದಿತ್ತು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಪಿಕಪ್ ಇಲ್ಲ. ಬೇರೆ ಕಡೆ "ಟರ್ಬೊ ಹೋಗೇತಿ, ಹೊಸಾದು ಹಾಕ್ರಿ" ಅಂದಿದ್ದರಂತೆ. ಗಾಳಿ ಪೈಪ್ ಬಿಚ್ಚಿ ಶಾಫ್ಟ್ ಹಿಡಿದು ಅಲ್ಲಾಡಿಸಿದೆ. ಮೇಲೆ ಕೆಳಗೆ ಸ್ವಲ್ಪ ಆಡಿದರೆ ನಡೆಯುತ್ತದೆ. ಇದು ಹಿಂದೆ ಮುಂದೆಯೂ ಆಡುತ್ತಿತ್ತು. ಫ್ಯಾನಿನ ಅಂಚು ಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. ಟರ್ಬೊ ಹೋಗಿದ್ದಂತೂ ನಿಜ. ಆದರೆ ಯಾಕೆ ಹೋಯ್ತು? ಆಯಿಲ್ ಪೈಪಿನ ಬೋಲ್ಟ್ ಬಿಚ್ಚಿದರೆ ಅದರೊಳಗೆ ಆಯಿಲ್ ಹರಿಯುವ ತೂತು ಕಪ್ಪು ಕಾರ್ಬನ್ ಕಟ್ಟಿ ಸೂಜಿ ತೂರುವಷ್ಟೇ ಉಳಿದಿತ್ತು. ಅದೇ ಪೈಪಿಗೆ ಹೊಸ ಟರ್ಬೊ ಕೂರಿಸಿದ್ದರೆ ಅದೂ ಬಹಳ ದಿನ ಬಾಳುತ್ತಿರಲಿಲ್ಲ. ಹೊಸ ಟರ್ಬೊ ಜೊತೆಗೆ ಪೈಪ್, ಬೋಲ್ಟ್ ಕೂಡ ಹೊಸದು ಹಾಕಿದೆವು. ಇಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ ಆಯಿಲ್ ಸೋಸುವ ಜಾಳಿಗೆ ತೊಳೆದೆವು. ಆಯಿಲ್, ಫಿಲ್ಟರ್ ಬದಲಿಸಿ, ಪೆಟ್ರೋಲ್ ಕಟ್ ಮಾಡಿ ಸೆಲ್ಫ್ ಹೊಡೆದು, ಟರ್ಬೊಗೆ ಆಯಿಲ್ ಮುಟ್ಟಿದ ಮೇಲೆಯೇ ಸ್ಟಾರ್ಟ್. ಹುಡುಗರು ಅವಸರದಲ್ಲಿ ಬಿಟ್ಟುಬಿಡೋದು ಈ ಕೊನೆಯ ಕೆಲಸವನ್ನೇ.

ಇನ್ನೊಂದು ಚಟ, ಮೈಲೇಜ್ ಆಸೆಗೆ ಟಾಪ್ ಗೇರಿನಲ್ಲೇ ಘಾಟ್ ಹತ್ತಿಸೋದು. 1500 ಆರ್‌ಪಿಎಂನಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿದರೆ, ಸಿಲಿಂಡರಿಗೇ ನೇರ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಇಂಜಿನ್ನುಗಳಲ್ಲಿ ಕಿಡಿ ಹತ್ತುವ ಮುಂಚೆಯೇ ಪೆಟ್ರೋಲ್ ಉರಿಯಬಹುದು. ಪಿಸ್ಟನ್ ಒಡೆದ ಉದಾಹರಣೆಗಳೂ ಇವೆ. 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಆಯಿಲ್‌ಗೆ ಇದನ್ನು ತಡೆಯುತ್ತದೆಯೇ ಅನ್ನುವ ಪರೀಕ್ಷೆಯೂ ಇದೆ. ಮ್ಯಾನುಯಲ್ ಏನು ಹೇಳುತ್ತದೋ ಆ ಗ್ರೇಡೇ ಹಾಕಿ. ಸುಮ್ನೆ ದಪ್ಪ ಆಯಿಲ್ ಒಳ್ಳೇದು ಅಂತ ಸುರಿಯಬೇಡಿ.

ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ತೋರಿಸೋಕೆ ಬಂದವರಿಗೆ ನಾನು ಮೊದಲು ಕೇಳೋದು ಆಯಿಲ್ ಬಿಲ್ಲುಗಳನ್ನ. ಬಾನೆಟ್ ತೆಗೆಯೋದು ಆಮೇಲೆ.