ಗಾಜು ಇಳಿಸಿ ನೋಡಿದ್ಯೇನೇ?

ಭಾನುವಾರ ಮಾವ ಕೇಳಿದ ಒಂದು ಪ್ರಶ್ನೆ ಇನ್ನೂ ಕಿವಿಯಲ್ಲೇ ಕೂತಿದೆ. ಡ್ರಿಲ್ ನನ್ನ ಕೈಯಲ್ಲಿತ್ತು. ಬಿಟ್‌ನ ತುದಿ ಬಾಗಿಲಿನ ಮೇಲೆ ಊರಿತ್ತು. ಬೆರಳು ಒತ್ತುವುದೊಂದೇ ಬಾಕಿ. ಹಿಂದಿನಿಂದ ಅವರು, "ಗಾಜು ಇಳಿಸಿ ನೋಡಿದ್ಯೇನೇ?" ಅಂದರು.

"ನೋಡಿದೀನಿ ಮಾವ" ಅಂದೆ. ನೋಡಿರಲಿಲ್ಲ.

ಕಾರು 1971ರ ಎಂಜಿಬಿ ರೋಡ್‌ಸ್ಟರ್, ಬಟ್ಟೆಯ ಟಾಪಿನ ಹಳೆ ಬ್ರಿಟಿಷ್ ಕಾರು. ಅದರ ಹೊರಗನ್ನಡಿ ಬದಲಿಸಲು ಹೊರಟದ್ದು ಅಂದಕ್ಕಾಗಿ ಅಲ್ಲ. ಹಳೆಯ ಕನ್ನಡಿಯ ಕೀಲಿನ ಸ್ಪ್ರಿಂಗ್ ಸೋತುಹೋಗಿತ್ತು. ನಿಂತಾಗ ಸರಿಯಾಗಿರುತ್ತಿತ್ತು, ವೇಗ ಏರಿದರೆ ಗಾಳಿಯ ಹೊಡೆತಕ್ಕೆ ಮೆಲ್ಲಗೆ ತಲೆ ತಗ್ಗಿಸಿ ಟಾರ್ ರಸ್ತೆಯನ್ನೇ ತೋರಿಸುತ್ತಿತ್ತು. ಈ ಕಾರಿನಲ್ಲಿ ಕೂರುವುದೇ ನೆಲಕ್ಕೆ ಹತ್ತಿರ. ಬಟ್ಟೆಯ ಟಾಪ್ ಎಳೆದುಕೊಂಡರಂತೂ ಹಿಂದಿನ ಎರಡೂ ಮೂಲೆ ಪೂರ್ತಿ ಮರೆ. ಹೋದ ವಾರ ಎಡಕ್ಕೆ ಸರಿಯುವಾಗ ಅದೇ ಮರೆಯಿಂದ ಒಂದು ಬೈಕು ಹಾರ್ನ್ ಹೊಡೆದುಕೊಂಡು ಹೊರಬಂತು. ಸವಾರ ಬೈಯಲಿಲ್ಲ, ತಿರುಗಿ ನೋಡಿ ತಲೆ ಆಡಿಸಿದ, ಅಷ್ಟೇ. ಆ ರಾತ್ರಿಯೇ ಕನ್ನಡಿ ಹುಡುಕಲು ಕೂತೆ.

ಹುಡುಕಲು ಕೂತರೆ ಮೊದಲು ಮನಸ್ಸು ಹೋಗುವುದು ಬುಲೆಟ್ ಕನ್ನಡಿಗಳ ಕಡೆಗೇ. ಹಿಂಬದಿ ಚೂಪಾಗಿ, ಮೈಯೆಲ್ಲ ಕ್ರೋಮ್, ರೇಸ್ ಕಾರಿನ ಗತ್ತು. ನನಗೂ ಅವು ಬಹಳ ಇಷ್ಟ. ಆದರೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 10 ಸೆಂ.ಮೀ. ಅಗಲದ ಚಪ್ಪಟೆ ಗಾಜು ಕಣ್ಣಿನಿಂದ 70 ಸೆಂ.ಮೀ. ದೂರದಲ್ಲಿದ್ದರೆ ಒಂದು ಕಣ್ಣಿಗೆ ಅದರಲ್ಲಿ ಸಿಗುವ ನೋಟ ಹೆಚ್ಚೆಂದರೆ 8 ಡಿಗ್ರಿ. ಅದೇ ಗಾಜು ಪಕ್ಕದ ಸೀಟಿನ ಆಚೆ, 120 ಸೆಂ.ಮೀ. ದೂರದ ಬಾಗಿಲಿಗೆ ಹೋದರೆ 5 ಡಿಗ್ರಿಯೂ ಇಲ್ಲ. ಬಾಗಿಲ ಸಂದಿಯಿಂದ ಇಣುಕಿ ಬೀದಿ ನೋಡಿದ ಹಾಗೆ. ನನಗೆ ಬೈಕು ಕಾಣದೆ ಹೋದದ್ದು ಆ ಬದಿಯಲ್ಲೇ. ಹಾಗಾಗಿ ಬುಲೆಟ್ ಆಸೆ ಬಿಟ್ಟು ಅಗಲವಾದ ಆಯತಾಕಾರದ ಜೋಡಿ ತರಿಸಿದೆ. ಚಾಲಕನ ಬದಿಗೆ ಚಪ್ಪಟೆ ಗಾಜು, ಏಕೆಂದರೆ ಹಿಂದಿನ ಗಾಡಿ ಎಷ್ಟು ದೂರದಲ್ಲಿದೆ ಎಂದು ಅದರಲ್ಲಿ ಸರಿಯಾಗಿ ಅಂದಾಜಾಗುತ್ತದೆ. ಆಚೆ ಬದಿಗೆ ಉಬ್ಬುಗಾಜು. ಅದರಲ್ಲಿ ಎಲ್ಲವೂ ಚಿಕ್ಕದಾಗಿ, ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತದೆ, ನಿಜ. ಆದರೆ ಕಾಣುತ್ತದೆ.

ಹಳೆ ಕಾರಿನ ಗೆಳೆಯನೊಬ್ಬ ಇದನ್ನು ಒಪ್ಪಲಿಲ್ಲ. ಆ ಮೈಕಟ್ಟಿಗೆ ಅಂಥ ಕನ್ನಡಿ ಹೊಂದುವುದಿಲ್ಲವಂತೆ, ಹಾಕುವುದಾದರೆ ಮುಂದಿನ ಮಡ್‌ಗಾರ್ಡ್ ಮೇಲೆ ಹಾಕಬೇಕಂತೆ. ಮಡ್‌ಗಾರ್ಡ್ ಕನ್ನಡಿಗೂ ಅದರದೇ ಗುಣವಿದೆ, ಕತ್ತು ಹೆಚ್ಚು ತಿರುಗಿಸಬೇಕಿಲ್ಲ. ಜಪಾನಿನಲ್ಲಿ 1983ರವರೆಗೂ ಹೊಸ ಕಾರುಗಳಿಗೆ ಅಲ್ಲೇ ಇರಬೇಕೆಂಬ ನಿಯಮವಿತ್ತು. ಆದರೆ ಅಷ್ಟು ದೂರದ ಗಾಜಿನಲ್ಲಿ ಎಲ್ಲ ಇನ್ನೂ ಚಿಕ್ಕದು, ಕೂತಲ್ಲಿಂದ ಕೈ ಚಾಚಿ ಸರಿಪಡಿಸಲೂ ಆಗದು. ಅವನು ಕಾರನ್ನು ಹೊರಗೆ ನಿಂತು ನೋಡುವವನು. ನಾನು ಒಳಗೆ ಕೂತು ಓಡಿಸುವವಳು.

ಮಾವ ಬಸ್ ಬಾಡಿ ಕಟ್ಟುವ ಕೆಲಸದಲ್ಲಿ ಆಯುಷ್ಯವೆಲ್ಲ ಕಳೆದವರು. ಟಿಂಕರಿಂಗ್ ಅವರ ಕೈಗೆ ಹತ್ತಿದ ವಿದ್ಯೆ. ನಾನು ಕರೆದಿರಲಿಲ್ಲ. ಸುಮ್ಮನೆ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಮೊದಲು ಮಾಡಿದ ಕೆಲಸ ಎಂದರೆ ಜೇಬಿನಿಂದ ಒಂದು ಚಿಕ್ಕ ಅಯಸ್ಕಾಂತ ತೆಗೆದು ಎಡಬಾಗಿಲ ಮೇಲೆ ಆಡಿಸಿದ್ದು. ಅದು ತಗಡಿಗೆ ಅಂಟಿಕೊಂಡು ಸರಿಯುತ್ತಾ ಹೋಗಿ ಎರಡು ಕಡೆ ಹಿಡಿತ ತಪ್ಪಿ ಕೈಗೆ ಬಿತ್ತು. ಒಳಗೆ ಪುಟ್ಟಿ. ಹಿಂದಿನ ಯಾರೋ ಅಲ್ಲಿ ತೂತು ಕೊರೆದಿದ್ದಾರೆ, ಬೇಡವೆನಿಸಿ ಮುಚ್ಚಿ ಬಣ್ಣ ಬಳಿದಿದ್ದಾರೆ. ಆ ಕಾಲದ ಎಷ್ಟೋ ಕಾರುಗಳಿಗೆ ಹೊರಗನ್ನಡಿ ಕಾರ್ಖಾನೆಯಿಂದಲೇ ಬರುತ್ತಿರಲಿಲ್ಲ. ಆಮೇಲೆ ಯಾರು ಕೂರಿಸಿದರೋ ಅವರ ಕಣ್ಣಳತೆಯೇ ಅಳತೆ. ಇಷ್ಟು ವರ್ಷ ದಿನಾ ಒರೆಸಿದ ಬಾಗಿಲಲ್ಲಿ ಇಂಥದ್ದೊಂದು ಗಾಯ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಮಾತ್ರ ಅಂಥ ಕೆಲಸ ಮಾಡಬಾರದೆಂದು ಬೆಳಗಿನಿಂದ ತಯಾರಿ ನಡೆಸಿದ್ದೆ. ನನ್ನ ಮಾಮೂಲಿ ಜಾಗಕ್ಕೆ ಸೀಟು ಸರಿಸಿ, ಬೆಲ್ಟ್ ಹಾಕಿ ಕೂತು, ಕನ್ನಡಿಯನ್ನು ಟೇಪಿನಿಂದ ಅಂಟಿಸಿ ಹಿಂದುಮುಂದು ಮಾಡಿ ನೋಡಿದ್ದೆ. ಬಾಗಿಲ ಮುಂಭಾಗದ ತ್ರಿಕೋನ ಗಾಜಿನ ಕಂಬ ಅಡ್ಡ ಬರದಂತೆ, ಅದಕ್ಕಿಂತ 4 ಸೆಂ.ಮೀ. ಹಿಂದೆ ಗುರುತು ಹಾಕಿದ್ದೆ. ಬಣ್ಣ ಏಳದಂತೆ ಮಾಸ್ಕಿಂಗ್ ಟೇಪ್ ಮೆತ್ತಿ, ಅದರ ಮೇಲೆ, ಬಿಟ್ ಜಾರದಂತೆ ಚುಕ್ಕಿ ಒತ್ತುವ ಸೆಂಟರ್ ಪಂಚ್ ಇಟ್ಟು ಒಂದೊಂದು ಪೆಟ್ಟು ಹಾಕಿದ್ದೆ. ಮೊದಲು 3 ಮಿ.ಮೀ. ಬಿಟ್, ಆಮೇಲೆ ದೊಡ್ಡದು ಎಂದುಕೊಂಡಿದ್ದೆ. ಇಷ್ಟೆಲ್ಲ ಮಾಡುವಾಗಲೂ ಕಿಟಕಿಯ ಗಾಜು ಮೇಲೇರಿಸಿಯೇ ಇತ್ತು.

ನಾನು "ನೋಡಿದೀನಿ" ಅಂದಾಗ ಮಾವ ಏನೂ ಹೇಳಲಿಲ್ಲ. ಎದ್ದು ಬಂದರು, ಒಳಗೆ ಕೈ ಹಾಕಿ ಹ್ಯಾಂಡಲ್ ತಿರುಗಿಸಿದರು. ಗಾಜು ಗೊರಗುಟ್ಟುತ್ತಾ ಬಾಗಿಲೊಳಗೆ ಇಳಿಯಿತು. ಅಂಚಿನ ರಬ್ಬರ್ ಪಟ್ಟಿಯನ್ನು ಹೆಬ್ಬೆರಳಿಂದ ಆಚೆ ಸರಿಸಿ, ತಗಡಿಗೂ ಗಾಜಿಗೂ ನಡುವೆ ಕಿರುಬೆರಳು ತೂರಿಸಲು ನೋಡಿದರು. ಹೋಗಲಿಲ್ಲ. ಕನ್ನಡಿಯ ಬುಡದ ಪಟ್ಟಿಯ ಜೊತೆ ಬಂದಿದ್ದ ಸ್ಕ್ರೂ ಒಂದನ್ನು ಎತ್ತಿಕೊಂಡು ಅದೇ ಕಿರುಬೆರಳಿನ ಪಕ್ಕಕ್ಕೆ ಹಿಡಿದು ನನ್ನ ಕಡೆ ತೋರಿಸಿದರು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಬಿಗಿ ಮಾಡಿ, ಗಾಜು ಇಳಿಸಿದ್ದರೆ ಮೊನೆ ನೇರ ಅದಕ್ಕೇ.

ಅವರು ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನನಗೆ ಇಷ್ಟು ಕಾಡುತ್ತಿರಲಿಲ್ಲವೇನೋ. "ಇನ್ನೂ ಸ್ವಲ್ಪ ಮುಂದಕ್ಕೆ ಹೋದ್ರೆ ಗಾಜು ಓಡಾಡೋ ಚಾನಲ್ ದಾಟ್ತದೆ, ಅಲ್ಲಿ ಹಿಡಿದು ನೋಡೋಣ, ನೀನು ಕೂತ್ಕೋ" ಅಂದರು.

ಸುಳ್ಳು ಯಾಕೆ ಹೇಳಿದೆ? ನಾಲ್ಕು ದಿನದಿಂದ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತಿದ್ದೇನೆ. ಈ ಕಾರಿನ ಬಾನೆಟ್ ಎತ್ತಿ ನಿಂತಾಗಲೆಲ್ಲ ದಾರಿಹೋಕರು ಕೇಳುವ ಪ್ರಶ್ನೆಗಳಿವೆ. ಇದನ್ನು ಯಾರು ನೋಡಿಕೊಳ್ಳುತ್ತಾರೆ? ನಿಮಗೆ ಇದೆಲ್ಲ ಗೊತ್ತಾಗುತ್ತಾ? ಮನೆಯವರದಾ? ಅವೆಲ್ಲ ತಿಳಿದುಕೊಳ್ಳಲು ಕೇಳುವ ಪ್ರಶ್ನೆಗಳಲ್ಲ. 1909ರಲ್ಲೇ ಡೊರೊಥಿ ಲೆವಿಟ್ ಎಂಬ ಇಂಗ್ಲೆಂಡಿನ ರೇಸ್ ಚಾಲಕಿ, ಕಾರು ಓಡಿಸುವ ಹೆಂಗಸರು ಜೊತೆಗೊಂದು ಕೈಗನ್ನಡಿ ಇಟ್ಟುಕೊಳ್ಳಲಿ, ಆಗಾಗ ಎತ್ತಿ ಹಿಂದಿನ ರಸ್ತೆ ನೋಡಲಿ ಎಂದು ಬರೆದಿದ್ದರು. ಅದಾಗಿ ನೂರು ವರ್ಷ ದಾಟಿದರೂ ಈ ಪ್ರಶ್ನೆಗಳು ನಿಂತಿಲ್ಲ. ಅವಕ್ಕೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ಬಾಯಿಗೆ "ಗೊತ್ತು", "ಆಯ್ತು", "ನೋಡಿದೀನಿ" ಎನ್ನುವುದು ರೂಢಿಯಾಗಿಬಿಟ್ಟಿದೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಗೆ. ಮಾವನ ದನಿಯಲ್ಲಿ ಆ ಅನುಮಾನ ಇರಲೇ ಇಲ್ಲ. ಅದು ಹಿಂದೆಂದೋ ಗಾಜು ಇಳಿಸದೆ ಕೊರೆದು ಪೆಟ್ಟು ತಿಂದವರ ಪ್ರಶ್ನೆ. ಎರಡಕ್ಕೂ ನಾನು ಒಂದೇ ಉತ್ತರ ಕೊಟ್ಟೆ. ಆಫೀಸಿನಲ್ಲಿ, ಡಾಕ್ಟರ ಮುಂದೆ, ಅಮ್ಮನ ಹತ್ತಿರ ಫೋನಿನಲ್ಲಿ ಹೀಗೆ ಎಷ್ಟು ಸಲ "ನೋಡಿದೀನಿ" ಅಂದಿರಬಹುದು? ಎಷ್ಟು ಜನ ಅದನ್ನು ನಂಬಿ ಸುಮ್ಮನಾಗಿರಬಹುದು? ಮಾವ ನಂಬದೆ ಹ್ಯಾಂಡಲ್ ತಿರುಗಿಸಿದರು. ನನ್ನನ್ನು ಅವಮಾನಿಸದೆ, ಬಾಗಿಲನ್ನೂ ಉಳಿಸಿದರು. ಅಂಥ ಮನುಷ್ಯರು ನನಗೆ ಹೆಚ್ಚು ಸಿಕ್ಕಿಲ್ಲ.

ಗುರುತು 6 ಸೆಂ.ಮೀ. ಮುಂದೆ ಹೋಯಿತು. ಈಗ ಕನ್ನಡಿಯನ್ನು ತ್ರಿಕೋನ ಗಾಜಿನ ಮೂಲಕ ನೋಡಬೇಕು, ಕಂಬ ಒಂಚೂರು ಪಕ್ಕಕ್ಕೆ ಕಾಣುತ್ತದೆ, ಪರವಾಗಿಲ್ಲ. ಕೊರೆದ ಮೇಲೆ ಮಾವ ತೂತಿನ ಅಂಚನ್ನು ಸಣ್ಣ ಅರದಿಂದ ಸವರಿ, ಬರಿ ತಗಡಿಗೆ ಕಡ್ಡಿಯ ತುದಿಯಲ್ಲಿ ಪ್ರೈಮರ್ ಮುಟ್ಟಿಸಿದರು. ಬಾಗಿಲ ತಳದಲ್ಲಿ ಬಿದ್ದ ತಗಡಿನ ಪುಡಿಯನ್ನೂ ಅಯಸ್ಕಾಂತದಿಂದಲೇ ಎತ್ತಿದರು, ಅಲ್ಲೇ ಬಿಟ್ಟರೆ ಅದೇ ತುಕ್ಕಿಗೆ ಬೀಜ. ರಬ್ಬರ್ ಗ್ಯಾಸ್ಕೆಟ್, ಅದರ ಮೇಲೆ ಬುಡದ ಪಟ್ಟಿ, ಎರಡು ಸ್ಕ್ರೂ, ಮೇಲಿಂದ ಕನ್ನಡಿ ಜಾರಿಸಿ ಅಡಿಯ ಚಿಕ್ಕ ಸ್ಕ್ರೂಗೆ ಅಲೆನ್ ಕೀ. ಎಂಜಿನ್ ಶುರು ಮಾಡಿದೆ. 1911ರಲ್ಲಿ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ರೇಸ್ ಗೆದ್ದ ರೇ ಹ್ಯಾರೌನ್ ತಮ್ಮ ಕಾರಿಗೆ ಕನ್ನಡಿ ಕಟ್ಟಿಕೊಂಡಿದ್ದರು. ಇಟ್ಟಿಗೆ ಹಾಸಿನ ಮೇಲೆ ಅದು ಅದುರುವ ರಭಸಕ್ಕೆ ಏನೂ ಕಾಣುತ್ತಿರಲಿಲ್ಲ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ನನ್ನದು ಅದುರಲಿಲ್ಲ. ಹಿಂದಿನ ಗೇಟಿನ ಸರಳುಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ಎಡಬಾಗಿಲಿಗೆ ಬಂದೆವು. ಹಳೆಯ ಪುಟ್ಟಿಯ ಜಾಗ ಬಿಟ್ಟು ಟೇಪ್ ಮೆತ್ತಿದೆ, ಪಂಚ್ ಕೈಗೆತ್ತಿಕೊಂಡೆ. ಮಾವ ಸ್ಟೂಲ್ ಮೇಲಿಂದಲೇ, "ಗಾಜು?" ಅಂದರು.

"ಇನ್ನೂ ಇಲ್ಲ ಮಾವ" ಅಂದೆ. ಪಂಚ್ ಕೆಳಗಿಟ್ಟು ಹ್ಯಾಂಡಲ್‌ಗೆ ಕೈ ಹಾಕಿದೆ.